ಅರಿಶಿನ ಕಾಲು ಚಮಚ

ಅಮೆರಿಕದ ವೈದ್ಯ ಮೈಕಲ್ ಗ್ರೆಗರ್ ಅವರ ‘ಹೌ ನಾಟ್ ಟು ಡೈ’ (2015) ಪುಸ್ತಕದಲ್ಲಿ ದಿನವೂ ಗುರುತು ಹಾಕಿಕೊಳ್ಳಬೇಕಾದ ಹನ್ನೆರಡು ಬಾಬತ್ತುಗಳ ಪಟ್ಟಿಯಿದೆ. ಮಾಂಸ, ಮೊಟ್ಟೆ, ಹಾಲು ಬಿಟ್ಟು ಪೂರ್ತಿ ಸಸ್ಯಮೂಲದ ಊಟಕ್ಕೆ ಬನ್ನಿ ಎಂಬುದು ಅದರ ತಿರುಳು. ಸಲಹೆ ಒಳ್ಳೆಯದೇ, ಜೊತೆಗಿರುವ, ಕಾಯಿಲೆ ದೂರವಾಗುತ್ತದೆಂಬ ಭರವಸೆಯನ್ನು ಮಾತ್ರ ತೂಗಿ ನೋಡಬೇಕು.

ಕಾಳು-ಬೇಳೆ, ದಿನಕ್ಕೆ ಮೂರು ಪಾಲು.
ಒಂದು ಪಾಲೆಂದರೆ ಅರ್ಧ ಕಪ್ ಬೆಂದ ಕಾಳು. ಪಟ್ಟಿಯಲ್ಲಿ ಇದೇ ಗಟ್ಟಿ ಸಾಲು: ನಾರು, ಪ್ರೋಟೀನ್ ಎರಡೂ ಸಿಗುತ್ತವೆ, ಕೊಲೆಸ್ಟ್ರಾಲ್ ತಗ್ಗುತ್ತದೆ. ದಿನಾ ಸಾರು ಉಣ್ಣುತ್ತೇವಲ್ಲ ಎಂದು ನಾವು ನಿಶ್ಚಿಂತರಾಗುವಂತಿಲ್ಲ. ತಿಳಿಸಾರಿನಲ್ಲಿ ಬೇಳೆ ಎಷ್ಟಿದ್ದೀತು? ಹುರುಳಿ, ಅವರೆ, ಹೆಸರುಕಾಳು ಪಲ್ಯವಾಗಿ ತಟ್ಟೆಗೆ ಬಂದರೇ ಲೆಕ್ಕ ತುಂಬುವುದು.

ಹಣ್ಣು, ಸೊಪ್ಪು, ತರಕಾರಿ, ಇಡಿಧಾನ್ಯ.
ತಕರಾರಿಲ್ಲ. ಬೆರಿ ಹಣ್ಣಿಗೆ ಬೇರೆಯೇ ಸಾಲಿದೆ. ನೇರಳೆ, ನೆಲ್ಲಿಕಾಯಿ ಸಿಗುವ ಊರಿನಲ್ಲಿ ದುಬಾರಿ ಬ್ಲೂಬೆರಿ ಹುಡುಕಬೇಕಿಲ್ಲ.

ಪುಡಿ ಮಾಡಿದ ಅಗಸೆ, ಒಂದು ದೊಡ್ಡ ಚಮಚ.
2013ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಅಗಸೆಯಿಂದ ರಕ್ತದೊತ್ತಡ ಇಳಿದದ್ದು ನಿಜ. ಅಲ್ಲಿ ಕೊಟ್ಟದ್ದು ದಿನಕ್ಕೆ 30 ಗ್ರಾಂ, ಅದೂ ಕಾಲಿನ ರಕ್ತನಾಳದ ಕಾಯಿಲೆಯವರಿಗೆ. ಒಂದು ಚಮಚಕ್ಕೆ ಅದರ ಕಾಲು ಭಾಗ ಬಂದರೆ ಹೆಚ್ಚು. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ತಿನ್ನುವವರು ಉಪ್ಪನ್ನೂ ನೋಡಿಕೊಳ್ಳಬೇಕು.

ಅರಿಶಿನ ಕಾಲು ಚಮಚ, ಕಾಳುಮೆಣಸಿನ ಜೊತೆ.
ಇಲ್ಲಿ ಸ್ವಲ್ಪ ನಿಲ್ಲೋಣ. ಮೆಣಸಿನ ಮಾತಿಗೆ ಆಧಾರ ನಮ್ಮ ಬೆಂಗಳೂರಿನ ಕೆಲಸ. ಅರಿಶಿನದ ಕರ್ಕ್ಯುಮಿನ್‌ ಜೊತೆ ಮೆಣಸಿನ ಪೈಪರಿನ್ ಕೊಟ್ಟರೆ ಅದು ರಕ್ತಕ್ಕೆ ಸೇರುವುದು ಶೇ. 2000ರಷ್ಟು ಹೆಚ್ಚುತ್ತದೆ ಎಂದು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದರು. ಅವರು ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್. ಅಡುಗೆಯ ಅರಿಶಿನದಲ್ಲಿ ಅದು ನೂರಕ್ಕೆ ಸುಮಾರು ಮೂರು ಪಾಲು. ಕಾಲು ಚಮಚದಲ್ಲಿ 20 ಮಿಲಿಗ್ರಾಂ ಆಸುಪಾಸು, ಅಂದರೆ ಪ್ರಯೋಗದ ನೂರನೇ ಒಂದಂಶ. ಮೆಣಸಿಲ್ಲದೆ ಕೊಟ್ಟಾಗ ರಕ್ತದಲ್ಲಿ ಕಂಡದ್ದೇ ಅತ್ಯಲ್ಪ, ಹೆಚ್ಚಳ ಅಳೆದದ್ದು ಅದಕ್ಕೆ ಹೋಲಿಸಿ. ಒಗ್ಗರಣೆಗೆ ಅರಿಶಿನ ಧಾರಾಳವಾಗಿ ಹಾಕಿ. ಕ್ಯಾನ್ಸರ್ ದೂರವಾದೀತೆಂದು ಕರ್ಕ್ಯುಮಿನ್ ಮಾತ್ರೆ ನುಂಗಬೇಡಿ. ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಬಾದಾಮಿ, ಅಕ್ರೋಟಿನಂಥ ಬೀಜಗಳು, ಒಂದು ಹಿಡಿ.
ಸ್ಪೇನಿನ ದೊಡ್ಡ ಪ್ರಯೋಗವೊಂದರಲ್ಲಿ ಬೀಜ ತಿಂದವರಿಗೂ ಆಲಿವ್ ಎಣ್ಣೆ ಬಳಸಿದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ತಗ್ಗಿತು. ಗ್ರೆಗರ್ ಬೀಜವನ್ನು ಒಪ್ಪಿ ಎಣ್ಣೆಯನ್ನು ದೂರವಿಡುತ್ತಾರೆ. ಒಂದೇ ಪುರಾವೆಯ ಅರ್ಧ ಹಿಡಿದು ಅರ್ಧ ಬಿಡುವುದು ಸರಿಯಲ್ಲ.

ಪಟ್ಟಿಯಲ್ಲಿಲ್ಲದ ಸಾಲು: ಬಿ12.
ಮಾತ್ರೆ ಬೇಕೇ ಬೇಕೆಂದು ಗ್ರೆಗರ್ ಪುಸ್ತಕದಲ್ಲಿ ಬೇರೆಡೆ ಬರೆದಿದ್ದಾರೆ. ಪಟ್ಟಿಯನ್ನಷ್ಟೇ ಫ್ರಿಜ್ಜಿಗೆ ಅಂಟಿಸಿಕೊಂಡವರಿಗೆ ಅದು ಕಾಣದು. ನಮ್ಮ ಸಸ್ಯಾಹಾರಿಗಳಿಗೆ ಬಿ12 ಸಿಗುವುದೇ ಹಾಲು-ಮೊಸರಿನಿಂದ. ಅದನ್ನೂ ಬಿಟ್ಟರೆ ಯಕೃತ್ತಿನ ದಾಸ್ತಾನು ಕೆಲವು ವರ್ಷಗಳಲ್ಲಿ ಕರಗುತ್ತದೆ. ಸೊಪ್ಪು, ಕಾಳುಗಳ ಫೋಲೇಟ್ ರಕ್ತಹೀನತೆಯನ್ನು ಮರೆಮಾಡಬಹುದು, ಒಳಗೆ ನರಗಳು ಸವೆಯುತ್ತಿರುತ್ತವೆ. ಪಾದಗಳು ಜೋಮು ಹಿಡಿಯುವ ಹೊತ್ತಿಗೆ ತಡವಾಗಿರಬಹುದು. ಹಾಲು ಬಿಡುವವರು ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಲಿ.