‘ಶಿಕಾರಿ’ಯಲ್ಲಿ ಉದ್ಯೋಗಧರ್ಮ: ಒಂದು ಪುನರ್ವಿಮರ್ಶೆ

ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾದಂದಿನಿಂದ ಅದನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿದು ಬಂದಿದೆ. ನಾಗಪ್ಪನ ಭಯ, ಅವನ ಒಂಟಿತನ, ತನ್ನ ಇರವನ್ನು ಕುರಿತು ಅವನಲ್ಲೇಳುವ ಪ್ರಶ್ನೆಗಳು, ಬಾಲ್ಯದ ನೆನಪುಗಳು ಅವನನ್ನು ಬೆನ್ನಟ್ಟುವ ಬಗೆ — ಇವೇ ವಿಮರ್ಶಕರ ಗಮನವನ್ನು ಸೆಳೆದಿವೆ. ಈ ಓದಿನಲ್ಲಿ ಕಚೇರಿಯೆಂಬುದು ಕೇವಲ ಹಿನ್ನೆಲೆಯ ಪರದೆ. ಅದರ ಮುಂದೆ ನಡೆಯುವ ಆತ್ಮಶೋಧನೆಯೇ ನಾಟಕ. ಈ ಓದು ತಪ್ಪೆಂದು ಹೇಳುವಂತಿಲ್ಲ. ಆದರೆ ಅಪೂರ್ಣವೆಂದು ಹೇಳದೆ ವಿಧಿಯಿಲ್ಲ. ಏತಕ್ಕೆಂದರೆ ನಾಗಪ್ಪನ ಸಂಕಟವು ಮೊದಲಾಗುವುದು ಯಾವುದೋ ಕನಸಿನಿಂದಲ್ಲ, ಯಾವುದೋ ತತ್ತ್ವಜಿಜ್ಞಾಸೆಯಿಂದಲೂ ಅಲ್ಲ; ಅವನು ದುಡಿಯುತ್ತಿರುವ ಸಂಸ್ಥೆಯ ಒಂದು ಆಜ್ಞೆಯಿಂದ. ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿರಬೇಕೆಂದು ಅವನಿಗೆ ತಿಳಿಸಲಾಗಿದೆ. ಯಾವ ಅಪರಾಧದ ವಿಚಾರಣೆ ಎಂಬುದನ್ನು ತಿಳಿಸಿಲ್ಲ. ಕಾದಂಬರಿಯ ಸಮಸ್ತ ವ್ಯಾಪಾರವೂ ಈ ಎರಡರ ನಡುವಣ ಅಂತರದಲ್ಲಿ ಹುಟ್ಟಿ ಬೆಳೆದುದಾಗಿದೆ.

ಹೀಗೆ ಬರೆಯಲು ಚಿತ್ತಾಲರಿಗೆ ವಿಶೇಷವಾದ ಅಧಿಕಾರವಿತ್ತು. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಜನಿಸಿ, ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನವನ್ನು ಅಭ್ಯಾಸಮಾಡಿ, ಪ್ಲಾಸ್ಟಿಕ್ಕು ಹಾಗೂ ರಾಳಗಳ ಉದ್ಯಮದಲ್ಲಿ ಉನ್ನತ ಹೊಣೆಗಾರಿಕೆಯನ್ನು ಹೊತ್ತವರು ಅವರು. ಕನ್ನಡದ ಬರಹಗಾರರಲ್ಲಿ ಅಧ್ಯಾಪಕರೂ ಪತ್ರಿಕಾಕರ್ತರೂ ಹೇರಳವಾಗಿದ್ದಾರೆ. ಕಾರ್ಖಾನೆಯ ಒಳಗೂ ಆಡಳಿತಮಂಡಳಿಯ ಮೇಜಿನ ಸುತ್ತಲೂ ಕುಳಿತೆದ್ದು ಬಂದವರು ವಿರಳ. ಅಧಿಕಾರಿಯೊಬ್ಬನನ್ನು ದೂರವಿಟ್ಟ ಕೂಡಲೆ ಟೆಲಿಫೋನಿನ ಆಚೆಯ ದನಿ ಹೇಗೆ ಬದಲಾಗುತ್ತದೆ, ನಿನ್ನೆಯ ಮಿತ್ರನು ಇಂದು ಎಷ್ಟು ಎಚ್ಚರದಿಂದ ಮಾತನ್ನು ಆರಿಸಿಕೊಳ್ಳುತ್ತಾನೆ ಎಂಬಂಥ ಸಂಗತಿಗಳು ಪುಸ್ತಕ ಓದಿ ಬರುವಂಥವಲ್ಲ.

ನಾಗಪ್ಪನ ಸ್ಥಿತಿಯನ್ನು ಕಾಯಿದೆಯ ಕಣ್ಣಿನಿಂದ ನೋಡಿದರೆ ವಿಮರ್ಶಕರು ಅಷ್ಟಾಗಿ ಗಮನಿಸದ ಅಂಶವೊಂದು ಕಾಣಬರುತ್ತದೆ. ಆ ಕಾಲದ ಕೈಗಾರಿಕಾ ಶಾಸನವು ಕಾರ್ಮಿಕನಿಗೆ ಕೆಲಮಟ್ಟಿನ ರಕ್ಷಣೆಯನ್ನು ಕೊಟ್ಟಿತ್ತು. ಅವನ ಮೇಲೆ ಆರೋಪ ಹೊರಿಸುವುದಾದರೆ ಆರೋಪವನ್ನು ಲಿಖಿತವಾಗಿ ತಿಳಿಸಬೇಕು, ಸಾಕ್ಷಿಗಳನ್ನು ಅವನೆದುರಿಗೇ ವಿಚಾರಿಸಬೇಕು, ಉತ್ತರ ಕೊಡಲು ಅವಕಾಶವಿರಬೇಕು ಎಂಬುದು ನ್ಯಾಯಾಲಯಗಳು ಒಪ್ಪಿದ್ದ ನೀತಿ. ಆದರೆ 1947ರ ಕೈಗಾರಿಕಾ ವಿವಾದ ಕಾಯಿದೆಯು, 1956ರ ತಿದ್ದುಪಡಿಯ ತರುವಾಯ, ವ್ಯವಸ್ಥಾಪಕ ಸ್ಥಾನದಲ್ಲಿದ್ದವರನ್ನು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿತು. ಸರಕಾರೀ ನೌಕರನಿಗೆ ರಾಜ್ಯಾಂಗದ 311ನೆಯ ವಿಧಿಯ ಆಸರೆಯಿತ್ತು. ಖಾಸಗೀ ಸಂಸ್ಥೆಯ ಅಧಿಕಾರಿಗೆ ಇವೆರಡೂ ಇಲ್ಲ. ಅವನಿಗೂ ಸಂಸ್ಥೆಗೂ ಇದ್ದುದು ಬರಿಯ ಕರಾರು. ಅವನು ಮಾಲಿಕನ ಪಕ್ಷದವನೆಂದು ಕಾಯಿದೆ ಎಣಿಸಿತು. ಮಾಲಿಕನು ಅವನನ್ನು ಹಾಗೆ ಎಣಿಸದೆ ಹೋದ ದಿವಸ ಅವನು ಯಾವ ಪಕ್ಷಕ್ಕೂ ಸೇರದವನಾದನು. ನಾಗಪ್ಪನ ಅನಾಥಪ್ರಜ್ಞೆಯನ್ನು ಬಾಲ್ಯದಿಂದ ಮಾತ್ರ ವಿವರಿಸಹೊರಟವರು ಇದನ್ನು ಮರೆಯಬಾರದು. ಅವನು ಮನಸ್ಸಿನಲ್ಲಿ ಎಷ್ಟು ಅನಾಥನೋ ಶಾಸನದಲ್ಲಿಯೂ ಅಷ್ಟೇ ಅನಾಥ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ವನ್ನು (ಇದಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು) ಇದರ ಪಕ್ಕದಲ್ಲಿರಿಸಿದರೆ ವ್ಯತ್ಯಾಸವು ಸ್ಫುಟವಾಗುತ್ತದೆ: ಮುಂಬಯಿಯ ಕಾರ್ಮಿಕ ಹೋರಾಟವನ್ನು ವಸ್ತುವಾಗುಳ್ಳ ಆ ಕಾದಂಬರಿಯಲ್ಲಿ ಅನ್ಯಾಯವನ್ನು ಇದಿರಿಸಲು ಸಮೂಹವೆಂಬುದೊಂದಿದೆ. ನಾಗಪ್ಪನಿಗೆ ಸಮೂಹವಿಲ್ಲ, ತನ್ನ ಕೋಣೆ ಮಾತ್ರವಿದೆ.

ಫ್ರಾನ್ಸ್ ಕಾಫ್ಕಾನ ‘ವಿಚಾರಣೆ’ಯೊಡನೆ ‘ಶಿಕಾರಿ’ಯನ್ನು ಹೋಲಿಸುವುದು ರೂಢಿ. ಹೋಲಿಕೆ ಸಹಜವೇ, ಆದರೆ ಅಲ್ಲಿಯೂ ಕಚೇರಿಯನ್ನು ಮರೆತೇ ಹೋಲಿಸುತ್ತಾರೆ. ಕಾಫ್ಕಾನು 1908ರಿಂದ 1922ರವರೆಗೆ ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದವನು. ಮರವನ್ನು ಹೆರೆಯುವ ಯಂತ್ರಗಳಲ್ಲಿ ಚೌಕಾಕಾರದ ದಂಡದ ಬದಲು ದುಂಡನೆಯ ದಂಡವನ್ನು ಅಳವಡಿಸಿದರೆ ಕೂಲಿಗಾರರ ಬೆರಳುಗಳು ಉಳಿಯುತ್ತವೆಂದು ಚಿತ್ರಸಮೇತ ವರದಿ ಬರೆದವನು. ಅವನ ಕಥಾನಾಯಕನಾದ ಜೋಸೆಫ್ ಕೆ. ಬ್ಯಾಂಕಿನ ಹಿರಿಯ ಅಧಿಕಾರಿ. ಯಂತ್ರದ ಹಲ್ಲನ್ನೂ ಕಡತದ ಹಲ್ಲನ್ನೂ ಬಲ್ಲವರೇ ಈ ಬಗೆಯ ಕಾದಂಬರಿಗಳನ್ನು ಬರೆದರೆಂಬುದು ಆಕಸ್ಮಿಕವಾಗಿರಲಾರದು.

ಇಷ್ಟನ್ನೂ ಒಪ್ಪಿದ ಮೇಲೆ ‘ಶಿಕಾರಿ’ಯ ಒಂದು ಮಿತಿಯನ್ನು ಹೇಳಬೇಕಾಗುತ್ತದೆ. ಬೇಟೆ ಎಂಬ ರೂಪಕವೇ ಆ ಮಿತಿ. ಬೇಟೆಯೆಂದಮೇಲೆ ಬೇಟೆಗಾರನೊಬ್ಬನು ಬೇಕು; ಅವನಿಗೆ ಮುಖ, ಹೆಸರು, ಹಗೆ ಬೇಕು. ಫಿರೋಜನಂಥ ಮೇಲಧಿಕಾರಿಯಲ್ಲಿ ಕಾದಂಬರಿಗೆ ಆ ಮುಖ ದೊರೆಯುತ್ತದೆ. ಊರಿನ ಹಳೆಯ ಬಳಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುವ ಶ್ರೀನಿವಾಸನಲ್ಲಿ ಇನ್ನೊಂದು ಮುಖ ದೊರೆಯುತ್ತದೆ. ಸಂಸ್ಥೆಯೆಂಬುದು ಇಲ್ಲಿ ಪರಿಚಯಗಳ ಬಲೆ. ಯಾರು ಯಾರಿಗೆ ಬೇಕಾದವರು, ಯಾರು ಯಾರ ಹಿಂದಿನ ಗುಟ್ಟನ್ನು ಬಲ್ಲರು ಎಂಬುದರ ಮೇಲೆ ಎಲ್ಲವೂ ನಡೆಯುತ್ತದೆ. ಎಪ್ಪತ್ತರ ದಶಕದ ಮುಂಬಯಿಯ ಮಟ್ಟಿಗೆ ಇದು ಸತ್ಯವೇ ಆಗಿದ್ದಿತು. ಆದರೆ ಕಾದಂಬರಿಯು ಮೊದಲ ಭಾಗದಲ್ಲಿ ಹಿಡಿದ ಅತ್ಯಂತ ಭಯಾನಕವಾದ ಸಂಗತಿ, ಎಂದರೆ ಹೆಸರಿಲ್ಲದ ಆರೋಪ, ಕ್ರಮೇಣ ಹೆಸರುಳ್ಳ ವ್ಯಕ್ತಿಗಳ ದ್ವೇಷವಾಗಿ ಕರಗುತ್ತದೆ. ಶತ್ರುವನ್ನು ಗುರುತಿಸಿದೊಡನೆ ಭಯವು ಅರ್ಧ ಇಳಿದಂತೆ. ವಾಚಕನಿಗೂ ಅಷ್ಟೇ. ಚಿತ್ತಾಲರಂಥ ಸೂಕ್ಷ್ಮಜ್ಞರು ಇಲ್ಲಿ ಸಂಸ್ಥೆಯನ್ನು ಬಿಟ್ಟು ಮನುಷ್ಯನ ಹಿಂದೆ ಹೋದದ್ದು ಕಲೆಯ ದೃಷ್ಟಿಯಿಂದ ಲಾಭವಾಗಿರಬಹುದು. ಅವರೇ ತೆರೆದ ಪ್ರಶ್ನೆಯ ದೃಷ್ಟಿಯಿಂದ ನಷ್ಟವೇ ಸರಿ.

ಈ ನಷ್ಟವು ಇಂದಿನ ವಾಚಕನಿಗೆ ಹೆಚ್ಚು ತೀವ್ರವಾಗಿ ತೋರುವುದಕ್ಕೆ ಕಾರಣವುಂಟು. ನಾಗಪ್ಪನ ಮುಂಬಯಿ ಹಳೆಯ ನಗರದ ಚಾಳುಗಳದು, ಕೋಟೆ ಭಾಗದ ಕಚೇರಿಗಳದು. ಆ ಕಾದಂಬರಿ ಹೊರಬರುವುದಕ್ಕೆ ಒಂಬತ್ತು ವರ್ಷ ಮೊದಲು, 1970ರಲ್ಲಿ, ಸಿಡ್ಕೊ ಸಂಸ್ಥೆ ಸ್ಥಾಪನೆಯಾಗಿ ಖಾರಿಯ ಆಚೆ ಹೊಸ ನಗರಕ್ಕೆ ಗೆರೆ ಎಳೆಯಲಾಗಿತ್ತು. ನಾಗಪ್ಪನ ಮುಂದಿನ ತಲೆಮಾರಿನ ಕನ್ನಡಿಗನು ಈಗ ವಾಸಿಸುವುದು ಕಾಮೋಠೆಯಂಥ ಕಡೆಯಲ್ಲಿ. ಬೆಳಿಗ್ಗೆ ಅವನು ಮಾನಸರೋವರ ಅಥವಾ ಖಾಂದೇಶ್ವರ ನಿಲ್ದಾಣದಲ್ಲಿ ಗಾಡಿ ಹತ್ತುತ್ತಾನೆ, ಇಲ್ಲವೆ ತಳೋಜಾದ ಕೈಗಾರಿಕಾ ಪ್ರದೇಶದತ್ತ ಬಸ್ಸು ಹಿಡಿಯುತ್ತಾನೆ. ಮಾನಸರೋವರದಿಂದ ಖಾರಘರವನ್ನು ದಾಟಿದರೆ ಎರಡನೆಯ ನಿಲ್ದಾಣ ಬೇಲಾಪುರ. ದೇಶದ ಅತಿದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕಿನ ಮಾಹಿತಿ ತಂತ್ರಜ್ಞಾನ ಕೇಂದ್ರವಿರುವುದು ಅಲ್ಲಿಯೇ, ರೈಲುನಿಲ್ದಾಣದ ಮೇಲಣ ಸಂಕೀರ್ಣದಲ್ಲಿ. ಬೀದರದ ರೈತನ ಸಾಲದ ಖಾತೆಗೂ ಕಾರವಾರದ ನಿವೃತ್ತ ಶಿಕ್ಷಕಿಯ ಠೇವಣಿಗೂ ಸಂಬಂಧಪಟ್ಟ ಕೆಲಸದಲ್ಲಿ ಒಂದಂಶವಾದರೂ ಇಲ್ಲಿ ನಡೆಯುತ್ತದೆ. ಆ ರೈತನ ಮುಖವನ್ನು ಇಲ್ಲಿಯವರು ಕಾಣರು. ಇಲ್ಲಿಯವರ ಮುಖವನ್ನು ಅವನು ಕಾಣನು.

ಹಳೆಯ ಬ್ಯಾಂಕಿನಲ್ಲಿ ಹಾಗಿರಲಿಲ್ಲ. ಲೆಡ್ಜರೆಂಬುದು ಆಯಾ ಶಾಖೆಯ ಕಪಾಟಿನಲ್ಲಿರುತ್ತಿದ್ದ ದಪ್ಪ ಪುಸ್ತಕ. ಗುಮಾಸ್ತೆಯು ವೋಚರನ್ನು ನೋಡಿ ನಮೂದಿಸುವನು. ಅಧಿಕಾರಿಯು ಬೆರಳಿಟ್ಟು ತಾಳೆನೋಡಿ ಪಕ್ಕದಲ್ಲಿ ತನ್ನ ಸಣ್ಣ ಸಹಿ ಹಾಕುವನು. ಆ ಸಹಿಗೆ ಇದ್ದ ಅರ್ಥ ‘ಇದನ್ನು ನೋಡಿದ್ದೇನೆ’ ಎಂದಷ್ಟೇ. ಅಷ್ಟರಿಂದಲೇ ಸಂಸ್ಥೆಯ ನೀತಿ ನಿಂತಿತ್ತು. ಹತ್ತು ವರ್ಷಗಳ ಮೇಲೆ ತಪ್ಪು ಹೊರಬಿದ್ದರೂ ಶಾಯಿಯ ಬಣ್ಣವನ್ನೂ ಅಕ್ಷರದ ವಾಲುವಿಕೆಯನ್ನೂ ನೋಡಿ, ಯಾರ ಕೈ ಎಂದು ಹೇಳಬಲ್ಲ ಹಿರಿಯರು ಪ್ರತಿ ಶಾಖೆಯಲ್ಲಿಯೂ ಒಬ್ಬಿಬ್ಬರಿರುತ್ತಿದ್ದರು. (ಅವರಲ್ಲಿ ಕೆಲವರು ಈ ವಿದ್ಯೆಯನ್ನು ಇತರರನ್ನು ಹೆದರಿಸಲೂ ಬಳಸುತ್ತಿದ್ದರೆಂಬುದನ್ನು ಹೇಳದಿದ್ದರೆ ಚಿತ್ರವು ಸುಳ್ಳಾದೀತು.) 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಯಾಂತ್ರೀಕರಣದ ಬಗೆಗೆ ಒಪ್ಪಂದವಾಯಿತು, ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂದಿತು. ಆಗ ನಡೆದ ವಾದವಿವಾದಗಳು ಮುಖ್ಯವಾಗಿ ಎಷ್ಟು ಯಂತ್ರ, ಎಷ್ಟು ಕೆಲಸಗಾರ ಎಂಬುದನ್ನು ಕುರಿತವು. ಕೆಲಸ ಹೋದೀತೆಂಬ ಭಯ ನ್ಯಾಯವಾದದ್ದೇ. ಆದರೆ ಕೆಲಸ ಉಳಿದರೂ ಸಾಕ್ಷ್ಯವು ಕೈತಪ್ಪೀತೆಂಬ ಪ್ರಶ್ನೆಗೆ ಆ ಗದ್ದಲದಲ್ಲಿ ದೊರೆತ ಎಡೆ ಅತ್ಯಲ್ಪ.

ಆ ಪ್ರಶ್ನೆಯ ಪೂರ್ಣರೂಪವು ಕಾಣಿಸಿಕೊಂಡುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಅಂಚೆ ಇಲಾಖೆಯು 1999ರಿಂದ ‘ಹೊರೈಜನ್’ ಎಂಬ ಗಣಕ ವ್ಯವಸ್ಥೆಯನ್ನು ತನ್ನ ಶಾಖೆಗಳಲ್ಲಿ ಅಳವಡಿಸಿತು. ಯಂತ್ರವು ಲೆಕ್ಕದಲ್ಲಿ ಕೊರತೆ ತೋರಿಸಿತು. ಕೊರತೆಗೆ ಶಾಖೆಯನ್ನು ನಡೆಸುವವನೇ ಹೊಣೆಯೆಂದು ಇಲಾಖೆ ಹೇಳಿತು. 1999ರಿಂದ 2015ರವರೆಗೆ 900ಕ್ಕೂ ಮಿಕ್ಕಿ ಶಾಖಾಧಿಕಾರಿಗಳು ಕಳವು, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಅವರಲ್ಲಿ ಭಾರತೀಯ ಮೂಲದವರೂ ಹಲವರಿದ್ದರು. ಕೆಲವರು ಸೆರೆಮನೆ ಕಂಡರು, ಕೆಲವರು ಮನೆ ಮಾರಿ ಇಲ್ಲದ ಕೊರತೆಯನ್ನು ತುಂಬಿಕೊಟ್ಟರು. ‘ನಿಮ್ಮಲ್ಲಿ ಮಾತ್ರ ಹೀಗಾಗಿದೆ, ಬೇರೆಲ್ಲಿಯೂ ಇಲ್ಲ’ ಎಂಬ ಉತ್ತರವನ್ನು ಅವರಲ್ಲಿ ಅನೇಕರು ಕೇಳಿದ್ದರು. ದೋಷವು ಯಂತ್ರದ್ದೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 2019ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2024ರ ಮೇ ತಿಂಗಳಲ್ಲಿ ಸಂಸತ್ತು ಶಾಸನವನ್ನೇ ಮಾಡಿ ಶಿಕ್ಷೆಗಳನ್ನು ರದ್ದುಗೊಳಿಸಬೇಕಾಯಿತು.

ಆ ಪ್ರಕರಣದಲ್ಲಿ ಬೇಟೆಗಾರನು ಯಾರು? ಅಧಿಕಾರಿಗಳ ಮೊಂಡುತನವಿತ್ತು, ತಿಳಿದದ್ದನ್ನು ಮುಚ್ಚಿಟ್ಟ ಪಾಪವೂ ಇತ್ತು, ಅದನ್ನು ಕ್ಷಮಿಸಬೇಕಾಗಿಲ್ಲ. ಆದರೆ ಹಳ್ಳಿಯ ಅಂಚೆಯವನೊಬ್ಬನನ್ನು ಮೊದಲು ಆಪಾದಿಸಿದವನು ಅವನನ್ನು ದ್ವೇಷಿಸಿದವನಲ್ಲ. ಅವನ ಹೆಸರನ್ನೇ ಅರಿಯದ ಒಂದು ಲೆಕ್ಕದ ಸಾಲು. ನಾಗಪ್ಪನಿಗೆ ಫಿರೋಜನ ಕಣ್ಣನ್ನು ನೋಡಿ ಊಹಿಸುವ ಅವಕಾಶವಾದರೂ ಇತ್ತು. ಈ ಜನಕ್ಕೆ ಅದೂ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ, ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಅದು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂಬ ವಿಧಿಯೊಂದು ಇಂಗ್ಲೆಂಡಿನ 1984ರ ಕಾಯಿದೆಯಲ್ಲಿದ್ದಿತು. ಅದನ್ನು 1999ರ ಇನ್ನೊಂದು ಕಾಯಿದೆಯು ತೆಗೆದುಹಾಕಿತು. ಅಲ್ಲಿಂದ ಮುಂದೆ ಯಂತ್ರವು ಸರಿಯಾಗಿದೆಯೆಂದೇ ಭಾವಿಸುವುದು ನಿಯಮವಾಯಿತು. ಸಂಶಯಾಸ್ಪದನಾಗಿ ಉಳಿದವನು ಮನುಷ್ಯನೊಬ್ಬನೇ.

ಭಾರತದ ಶಾಸನವು ಈ ಒಂದು ವಿಷಯದಲ್ಲಿ ಹೆಚ್ಚು ಹಳೆಯದು, ಬಹುಶಃ ಆದಕಾರಣವೇ ಹೆಚ್ಚು ವಿವೇಕಶಾಲಿಯಾದುದು. ಬ್ಯಾಂಕಿನ ಪುಸ್ತಕದ ನಮೂದನ್ನು ನ್ಯಾಯಾಲಯವು ಸಾಕ್ಷ್ಯವೆಂದು ಸ್ವೀಕರಿಸಬೇಕಾದರೆ ಅದರ ಪ್ರತಿಯ ಕೆಳಗೆ ಮುಖ್ಯ ಲೆಕ್ಕಿಗನೋ ವ್ಯವಸ್ಥಾಪಕನೋ ತನ್ನ ಹೆಸರನ್ನೂ ಹುದ್ದೆಯನ್ನೂ ಬರೆದು ದೃಢೀಕರಿಸಬೇಕೆಂದು 1891ರ ಬ್ಯಾಂಕರರ ಪುಸ್ತಕ ಸಾಕ್ಷ್ಯ ಕಾಯಿದೆ ವಿಧಿಸಿತ್ತು. 2000ದಲ್ಲಿ ಗಣಕದ ಮುದ್ರಿತ ಪ್ರತಿಗಳನ್ನು ಸೇರಿಸಿಕೊಂಡಾಗ ಇನ್ನೊಂದು ಷರತ್ತನ್ನು ಹಾಕಲಾಯಿತು: ಸಂಬಂಧಪಟ್ಟ ಕಾಲದಲ್ಲಿ ಯಂತ್ರವು ತನಗೆ ತಿಳಿದಮಟ್ಟಿಗೆ ಸರಿಯಾಗಿ ನಡೆಯುತ್ತಿತ್ತೆಂದು ಆ ವ್ಯವಸ್ಥೆಯ ಮೇಲ್ವಿಚಾರಕನು ಸಹ ಪ್ರಮಾಣಪತ್ರ ಕೊಡಬೇಕು. ಯಂತ್ರವು ತನ್ನ ಪರವಾಗಿ ತಾನೇ ನುಡಿಯುವಂತಿಲ್ಲ. ಅದರ ಪರವಾಗಿ ಒಬ್ಬ ಮನುಷ್ಯನು ನುಡಿಯಬೇಕು. ಆಚರಣೆಯಲ್ಲಿ ಈ ಪ್ರಮಾಣಪತ್ರವು ಸಿದ್ಧನಮೂನೆಯಾಗಿ, ಓದದೆ ಸಹಿ ಹಾಕುವ ಕಾಗದವಾಗಿ ಇಳಿಯಬಹುದೆಂಬುದು ಬ್ಯಾಂಕಿನ ಒಳಗನ್ನು ಬಲ್ಲ ಯಾರಿಗೂ ಹೇಳಬೇಕಾದ ಮಾತಲ್ಲ. ಆದರೂ ವಿಧಿ ಇದೆ. ಓದದೆ ಸಹಿ ಹಾಕಿದವನು ಹಾಗೆ ಮಾಡಿದನೆಂದು ಹೇಳಲು ಅದರಿಂದ ಆಧಾರವಾದರೂ ಉಂಟು.

ಈ ಬೆಳಕಿನಲ್ಲಿ ‘ಶಿಕಾರಿ’ಯನ್ನು ಮತ್ತೆ ಕೈಗೆತ್ತಿಕೊಂಡರೆ ಅದರಲ್ಲಿ ಹಳತಾದುದು ಯಾವುದು, ಹಳತಾಗದುದು ಯಾವುದು ಎಂಬುದು ತಾನಾಗಿ ಬೇರ್ಪಡುತ್ತದೆ. ಫಿರೋಜನ ಕುಟಿಲತೆ, ಪಾರ್ಟಿಗಳ ಗುಸುಗುಸು, ಬಡ್ತಿಯ ಪೈಪೋಟಿ — ಇವು ಒಂದು ಕಾಲದ ಚಿತ್ರಗಳಾಗಿ ಉಳಿಯುತ್ತವೆ. ಆರೋಪವನ್ನು ತಿಳಿಸದೆಯೇ ಮನುಷ್ಯನನ್ನು ಅಪರಾಧಿಯ ಮನೋಧರ್ಮಕ್ಕೆ ಇಳಿಸಬಹುದು, ಅವನೇ ತನ್ನ ಗತಜೀವನವನ್ನೆಲ್ಲ ಅಗೆದು ಆರೋಪವನ್ನು ಹುಡುಕಿಕೊಡುವಂತೆ ಮಾಡಬಹುದು ಎಂಬ ಕಾಣ್ಕೆ ಮಾತ್ರ ಹಳತಾಗಿಲ್ಲ. ಇಂಗ್ಲೆಂಡಿನ ಅಂಚೆಯವರು ರಾತ್ರಿಗಳನ್ನು ಕಳೆದುದು ಹೀಗೆಯೇ. ತಾವೇ ಎಲ್ಲಿಯೋ ತಪ್ಪಿರಬೇಕೆಂದು ಚೀಟಿಗಳನ್ನು ಮತ್ತೆ ಮತ್ತೆ ಎಣಿಸುತ್ತ. ನಾಗಪ್ಪನು ಎಣಿಸುವುದು ಹನೇಹಳ್ಳಿಯ ನೆನಪುಗಳನ್ನು. ಕ್ರಿಯೆ ಒಂದೇ.

ಕಾದಂಬರಿಯಲ್ಲಿ ಇಲ್ಲದಿರುವುದು ಇನ್ನೊಬ್ಬ ಪಾತ್ರ. ನಾಗಪ್ಪನ ಮೇಲಿನ ಆಜ್ಞೆಯನ್ನು ಯಾರೋ ಬೆರಳಚ್ಚು ಮಾಡಿರಬೇಕು, ಯಾರೋ ಕಡತಕ್ಕೆ ಸೇರಿಸಿರಬೇಕು, ಆರೋಪದ ಜಾಗ ಖಾಲಿಯಿರುವುದನ್ನು ಯಾರೋ ಗಮನಿಸಿ ಸುಮ್ಮನಾಗಿರಬೇಕು. ಅವನು ಬೇಟೆಗಾರನಲ್ಲ, ಬೇಟೆಯೂ ಅಲ್ಲ. ಅವನಿಗೆ ನಾಗಪ್ಪನ ಮೇಲೆ ದ್ವೇಷವಿಲ್ಲ. ಸಂಜೆಯ ಗಾಡಿ ತಪ್ಪೀತೆಂಬ ಚಿಂತೆಯಿದೆ. ಚಿತ್ತಾಲರ ರೂಪಕದಲ್ಲಿ ಅವನಿಗೆ ಸ್ಥಳವಿಲ್ಲ. ಇಂದು ಕಾಮೋಠೆಯಿಂದ ಬೇಲಾಪುರಕ್ಕೂ ಐರೋಲಿಗೂ ಮಹಾಪೆಗೂ ಹೋಗಿ ಬರುತ್ತಿರುವ ಕನ್ನಡಿಗರಲ್ಲಿ ಫಿರೋಜರು ಕೆಲವರೇ, ನಾಗಪ್ಪಂದಿರು ಕೆಲವರೇ; ಉಳಿದವರೆಲ್ಲ ಇವನ ಮೇಜಿನ ಮುಂದೆ ಕುಳಿತವರು.