ನೋವಾಗದ ಜಾಗ

ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸುವವರು ಸೂಜಿಯ ಕೋನಕ್ಕೆ ಸಲ್ಲದಷ್ಟು ಬೆಲೆ ಕೊಟ್ಟಿದ್ದಾರೆ. 45 ಡಿಗ್ರಿಯೋ 90 ಡಿಗ್ರಿಯೋ, ಚರ್ಮ ಹಿಡಿದೆತ್ತಬೇಕೋ ಬೇಡವೋ ಎಂಬ ಚರ್ಚೆಯ ಬಹುಪಾಲು 4 ಮಿ.ಮೀ. ಪೆನ್ ಸೂಜಿ ಬಂದಾಗಲೇ ಮುಗಿದಿದೆ. ಚರ್ಮದ ದಪ್ಪ ಸುಮಾರು 2 ಮಿ.ಮೀ.; ದೊಡ್ಡವರು ನೆಟ್ಟಗೆ ಚುಚ್ಚಿ, ಗುಂಡಿ ಪೂರ್ತಿ ಒತ್ತಿ ಹತ್ತು ಎಣಿಸಿದರೆ ಸಾಕು.

ನನ್ನ ತಕರಾರು ಇರುವುದು ಎಲ್ಲರೂ ಹೇಳಿ ಮುಂದೆ ಹೋಗುವ ಒಂದು ಮಾತಿನ ಬಗ್ಗೆ: 'ಜಾಗ ಬದಲಿಸುತ್ತಿರಿ.' ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಹೋಗುವ ದಾರಿಯಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಈ ಮಾತು ಕೇಳದ ಶುಗರ್ ರೋಗಿ ಇಲ್ಲಿ ಸಿಗುವುದು ಕಷ್ಟ. ಆದರೆ ಕೇಳಿದವರು ಮಾಡುವುದೇನು? ಇವತ್ತು ಹೊಕ್ಕುಳಿನ ಎಡಕ್ಕೆ, ನಾಳೆ ಬಲಕ್ಕೆ, ನಾಡಿದ್ದು ಮತ್ತೆ ಎಡದ ಅದೇ ಬಿಂದುವಿಗೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಅಲ್ಲಿ ಕೊಬ್ಬು ಬೆಳೆದು ಗಂಟಾಗುತ್ತದೆ. ಗಂಟಿನ ಮೇಲೆ ಚುಚ್ಚಿದರೆ ನೋವು ಕಡಿಮೆ. ಹಾಗಾಗಿ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಗಂಟಿನಿಂದ ಮದ್ದು ರಕ್ತಕ್ಕೆ ಒಂದೇ ಹದದಲ್ಲಿ ಸೇರುವುದಿಲ್ಲ, ಶುಗರ್ ಕಾರಣವಿಲ್ಲದೆ ಏರಿಳಿಯುತ್ತದೆ. ಬೈಗುಳ ಮಾತ್ರ ಕುಚ್ಚಲಕ್ಕಿ ಗಂಜಿಗೆ!

ಬದಲಿಸುವುದೆಂದರೆ ಹೀಗೆ: ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗ ಬಳಸುವುದು, ಆ ಭಾಗದೊಳಗೂ ಹಿಂದಿನ ಚುಚ್ಚಿನಿಂದ ಒಂದು ಬೆರಳಗಲ ಸರಿಯುವುದು, ಚುಚ್ಚುವ ಮೊದಲು ಬೆರಳಿನಿಂದ ಒತ್ತಿ ಸವರಿ ಗಂಟು ಹುಡುಕುವುದು. ಕಣ್ಣಿಗೆ ಕಾಣದ ಗಂಟೂ ಬೆರಳಿಗೆ ಸಿಗುತ್ತದೆ. 2012ರಲ್ಲಿ ಬಂದ ಭಾರತದ ಮೊದಲ ಇಂಜೆಕ್ಷನ್ ತಂತ್ರ ಶಿಫಾರಸುಗಳ ನಂತರವೂ ಕಲಿಕೆ ಬಾಯಿಮಾತಿನಲ್ಲೇ ನಿಂತಿರುವುದು ನನಗೆ ಸಿಟ್ಟು ತರಿಸುತ್ತದೆ.

'ಸಿರಿಂಜ್ ಹಳೆಯದಾಯಿತು, ಪೆನ್ ಕೊಳ್ಳಿ, ಎಲ್ಲ ಸರಿಹೋಗುತ್ತದೆ' ಎನ್ನುವ ಪೆನ್ ಪಕ್ಷಪಾತಿಗಳ ವಾದವನ್ನು ನಾನು ಒಪ್ಪುವುದಿಲ್ಲ. ಪೆನ್ನಿನಿಂದಲೂ ಗಂಟಾಗುತ್ತದೆ, ಸೂಜಿಯನ್ನು ಮತ್ತೆ ಮತ್ತೆ ಬಳಸಿದರೆ ಇನ್ನೂ ಹೆಚ್ಚು. ಸಿರಿಂಜಿನ ನಿಜವಾದ ಅಪಾಯ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಯಲ್ ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ 50; ಪ್ರಾಣಕ್ಕೇ ಸಂಚಕಾರ. ಮೆಡಿಕಲ್ ಶಾಪಿನಲ್ಲಿ ವಯಲನ್ನೂ ಸಿರಿಂಜನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಪ್ಪುವ ಅನಾಹುತವಿದು.

ಗಂಟು ಪತ್ತೆಯಾದವರು ಮರುದಿನವೇ ಒಳ್ಳೆಯ ಜಾಗಕ್ಕೆ ಅಷ್ಟೇ ಯೂನಿಟ್ ಚುಚ್ಚಬಾರದು. ಅಲ್ಲಿ ಮದ್ದು ಪೂರ್ತಿ ಹಿಡಿದು ಶುಗರ್ ಒಮ್ಮೆಲೇ ಕುಸಿಯಬಹುದು. ಡಾಕ್ಟರಿಗೆ ಗಂಟನ್ನು ಮುಟ್ಟಿ ತೋರಿಸಿ, ಡೋಸ್ ಎಷ್ಟು ಇಳಿಸಬೇಕೆಂದು ಕೇಳಿಯೇ ಜಾಗ ಬದಲಿಸಬೇಕು.