ಗೊಡ್ಡು ಎನ್ನುವ ಮುನ್ನ

ಮೂರು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿದರೂ ಗಬ್ಬ ನಿಲ್ಲದ ಹಸುವಿಗೆ ಕಡೂರು, ತರೀಕೆರೆ ಕಡೆ ಬೇಗ ‘ಗೊಡ್ಡು’ ಎಂಬ ಹೆಸರು ಬೀಳುತ್ತದೆ. ಆಮೇಲೆ ಅದು ಕೊಟ್ಟಿಗೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಪಶುವೈದ್ಯದಲ್ಲಿ ಇಂಥ ಹಸುವಿನ ತಪಾಸಣೆಯಷ್ಟು ಸೊಗಸಾದ ಕೆಲಸ ನನ್ನ ಮಟ್ಟಿಗೆ ಇನ್ನೊಂದಿಲ್ಲ.

ಕಾವಲಿನಲ್ಲಿ ಮೇಯುವ ಮಂದೆಯಲ್ಲಿ ಹೋರಿಯಿದ್ದರೆ ಬೆದೆ ಗುರುತಿಸುವ ಕೆಲಸ ಅದರದೇ. ಕೊಟ್ಟಿಗೆಯಲ್ಲಿ ಕಟ್ಟಿದ ಮಿಶ್ರತಳಿ ಹಸುವಿಗೆ ಆ ಅನುಕೂಲವಿಲ್ಲ. ಸುಮಾರು 21 ದಿನಕ್ಕೊಮ್ಮೆ ಬಂದು, 12ರಿಂದ 18 ಗಂಟೆಯಲ್ಲಿ ಮುಗಿಯುವ ಬೆದೆಯನ್ನು ಮನೆಯವರೇ ಹಿಡಿಯಬೇಕು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಆಗಬೇಕು. ಆದ್ದರಿಂದ ನಾನು ಮೊದಲು ಕೇಳುವುದು ತಾರೀಖುಗಳನ್ನು.

ಎರಡನೆಯದು ಲೋಳೆ. ಗಾಜಿನಂತೆ ತಿಳಿಯಾಗಿದ್ದರೆ ಒಳ್ಳೆಯದು. ಬಿಳಿ ಎಳೆ ಕಂಡರೆ ಗರ್ಭಕೋಶದ ಸೋಂಕಿನ ಅನುಮಾನ. ಬೆದೆಯ ಲೋಳೆಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಬೆರೆಸಿ ಕಾಯಿಸಿದಾಗ ಹಳದಿಗೆ ತಿರುಗಿದರೆ ಆ ಅನುಮಾನ ಗಟ್ಟಿಯಾಗುತ್ತದೆ. ಬಣ್ಣ ಬರದಿದ್ದರೆ ಗರ್ಭಕೋಶಕ್ಕೆ ಸುಮ್ಮನೆ ಔಷಧಿ ತುಂಬಬಾರದು.

ಮೂರನೆಯದು ಕೈ. ಗುದದ್ವಾರದ ಮೂಲಕ ಅಂಡಾಶಯ ಮುಟ್ಟಿ ನೋಡಿದಾಗ ಎರಡೂ ಚಿಕ್ಕದಾಗಿ, ನುಣುಪಾಗಿ ಸಿಕ್ಕರೆ ಅವು ಕೆಲಸ ನಿಲ್ಲಿಸಿವೆ. ಕಡೂರಿನ ಬಯಲಲ್ಲಿ ಮಳೆ ಕೈಕೊಟ್ಟ ವರ್ಷ, ಒಣ ರಾಗಿಹುಲ್ಲನ್ನೇ ತಿಂದು ಹಾಲು ಕೊಟ್ಟ ಹಸುವಿಗೆ ಹೀಗಾಗುವುದು ಸಹಜ. ಅದಕ್ಕೆ ಬೇಕಾದದ್ದು ಮೊದಲು ಹಸಿಮೇವು, ಹಿಂಡಿ, ಖನಿಜ ಮಿಶ್ರಣ, ಜಂತುಹುಳುವಿನ ಔಷಧಿ; ಹಾರ್ಮೋನು ಆಮೇಲೆ. ಅಂಡಾಶಯದ ಮೇಲೆ ಹಳದಿ ಕಾಯ (ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆಯುವ ಗಂಟು) ಸಿಕ್ಕರೆ ಮಾತೇ ಬೇರೆ: ಬೆದೆ ಕಣ್ತಪ್ಪಿರಬಹುದು, ಇಲ್ಲವೇ ಹಸು ಗಬ್ಬವಾಗಿರಬಹುದು. ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಮೊದಲನೆಯದಕ್ಕೆ ಮದ್ದು, ಎರಡನೆಯದರಲ್ಲಿ ಕಂದು ಹಾಕಿಸುತ್ತದೆ. ಗಬ್ಬ ಇಲ್ಲವೆಂದು ಖಾತ್ರಿಯಾಗದೆ ಅದನ್ನು ಕೊಡಲೇಬಾರದು.

ತುಂಬುಗಬ್ಬದ ಹಸು ಕಂದು ಹಾಕಿದರೆ ಬ್ರುಸೆಲ್ಲಾ ಸೋಂಕು ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹೆಣ್ಣುಕರುವಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿ.

ಕೊಟ್ಟಿಗೆಯ ಗೋಡೆಗೊಂದು ಕ್ಯಾಲೆಂಡರ್ ತೂಗುಹಾಕಿ, ಕರು ಹಾಕಿದ ದಿನ, ಬೆದೆ ಕಂಡ ಹೊತ್ತು, ಇಂಜೆಕ್ಷನ್ ಆದ ಹೊತ್ತು ಬರೆದಿಡಿ. ಹಸು ಮಾರುವ ಯೋಚನೆ ಬಂದರೆ ಆ ಕ್ಯಾಲೆಂಡರ್ ಹಿಡಿದು ಒಮ್ಮೆ ಪಶು ಆಸ್ಪತ್ರೆಗೆ ಹೋಗಿ. ಗೊಡ್ಡೆನಿಸಿಕೊಂಡ ಎಷ್ಟೋ ಹಸುಗಳಿಗೆ ಬೇಕಿದ್ದದ್ದು ಹೊಟ್ಟೆತುಂಬ ಮೇವು ಮತ್ತು ಸರಿಯಾದ ಹೊತ್ತು, ಇಷ್ಟೇ.